ನೀರು ಹಾಕುವ ಕೈ

ಮೇರಿಲ್ಯಾಂಡಿನ ಕನ್ನಡದ ಮಕ್ಕಳಲ್ಲಿ ಅರ್ಧಕ್ಕರ್ಧ ನನ್ನ ಕಾಲ ಮೇಲೆ ಮಲಗಿ ಎಣ್ಣೆನೀರು ಹಾಕಿಸಿಕೊಂಡವೇ. ಕೆಲವರಿಗೆ ಈಗ ಗಡ್ಡ ಬಂದಿದೆ, ನನ್ನನ್ನು ಕಂಡರೆ ನಾಚಿಕೊಳ್ಳುತ್ತಾರೆ. ಅಂಥ ನನಗೆ ಹೊಟ್ಟೆಯಲ್ಲಿ ಹುಟ್ಟಿದ ಮಗಳೇ ಫೋನಿನಲ್ಲಿ ಹೇಳಿದಳು: "ಅಮ್ಮಾ, ಡೆಲಿವರಿಗೆ ಖಂಡಿತ ಬಾ. ಬಟ್ ಬೇಬೀನ ಎತ್ಕೋಬೇಡ, ಓಕೆ?"

ಮೈಯೆಲ್ಲ ಉರಿದುಹೋಯಿತು. ಆದರೆ ಅವಳು ಹೇಳಿದ್ದು ತಪ್ಪೇನಲ್ಲ. ಆ ಚಳಿಗಾಲದಿಂದ ನನ್ನ ಎಡಗೈ ನನ್ನ ಮಾತು ಕೇಳುತ್ತಿರಲಿಲ್ಲ. ಯಾರೋ ಎಳೆದಂತೆ ಇದ್ದಕ್ಕಿದ್ದ ಹಾಗೆ ಒಂದು ಸಲ ಜಗ್ಗುತ್ತಿತ್ತು, ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಮುಗಿದೂ ಹೋಗುತ್ತಿತ್ತು. ಅಷ್ಟರಲ್ಲಿ ಕೈಯಲ್ಲಿದ್ದದ್ದು ನೆಲದ ಮೇಲೆ. ಫೋರ್ಟ್ ಮಿಲ್‌ನಲ್ಲಿ, ಮಗಳು ಮೇಧಾಳ ಮನೆಯಲ್ಲಿ, ಅವಳ ಸೀಮಂತದ ದಿನ ಪಾಯಸದ ಪಾತ್ರೆ ಅವಳ ಕಣ್ಣೆದುರೇ ಕೈಜಾರಿ ಹೋಯಿತು.

ನಮ್ಮ ಮನೆಯವರು ಪ್ರಭಾಕರ, ನಿವೃತ್ತ ಮೂಳೆ ಡಾಕ್ಟರು. ಮೂಳೆ ಡಾಕ್ಟರಿಗೆ ಲೋಕವೆಲ್ಲ ಮೂಳೆಯೇ. "ಕತ್ತಲ್ಲಿ ನರ ಒತ್ಕೊಂಡಿದೆ ಸಾವಿತ್ರಿ, ಏನೂ ಆಗಲ್ಲ" ಎಂದು ನನ್ನ ಕುತ್ತಿಗೆಗೆ ಒಂದು ಪಟ್ಟಿ ಬಿಗಿದು ಕೂರಿಸಿದರು. ಬೇರೆ ಡಾಕ್ಟರ ಹತ್ತಿರ ಹೋಗೋಣವೆಂದರೆ "ನಾನಿಲ್ವಾ?" ಎನ್ನುತ್ತಿದ್ದರು. ಅವರು ಇದ್ದದ್ದೇ ತೊಂದರೆಯಾಗಿತ್ತು!

ಒಂದು ಭಾನುವಾರ ಲ್ಯಾನ್‌ಹ್ಯಾಮ್ ದೇವಸ್ಥಾನದಲ್ಲಿ ಮಂಗಳಾರತಿಯ ಹೊತ್ತು. ಗಂಟೆ ಜೋರಾಗಿ ಬಾರಿಸುತ್ತಿದ್ದಾಗ ಕೈ ಜಗ್ಗಿತು. ಈ ಸಲ ಮುಖದ ಒಂದು ಪಕ್ಕವೂ ಜೊತೆಗೆ ಸೊಟ್ಟಗಾಯಿತು, ಒಂದಾದ ಮೇಲೊಂದು ನಾಲ್ಕೈದು ಸಲ. ಪಕ್ಕದಲ್ಲಿ ನಿಂತಿದ್ದ ಇಂದು ಎಂಬ ಐಟಿ ಹುಡುಗಿ, ನನಗೆ ದೇವರು ಮೈಮೇಲೆ ಬಂತೆಂದುಕೊಂಡು ಧಡಕ್ಕನೆ ಕಾಲಿಗೆ ಬಿದ್ದಳು. "ತಾಯೀ, ನಮ್ ಗ್ರೀನ್ ಕಾರ್ಡ್ ಯಾವಾಗ ಆಗತ್ತೆ ಹೇಳಮ್ಮಾ!"

"ಏಳೇ, ನಾನು ಕ್ಲಾರ್ಕ್ಸ್‌ಬರ್ಗ್ ಸಾವಿತ್ರಿ ಆಂಟಿ! ದೇವರೂ ಇಲ್ಲ ಗೀವರೂ ಇಲ್ಲ" ಎಂದು ಗದರಿದೆ. ಸುತ್ತಲಿದ್ದವರು ನಕ್ಕರು. ಇವರು ಮಾತ್ರ ನಗಲಿಲ್ಲ, ನನ್ನ ಮುಖವನ್ನೇ ನೋಡುತ್ತಿದ್ದರು. ಕಾರಿನಲ್ಲಿ ಕುಳಿತ ಮೇಲೆ, "ಕುತ್ತಿಗೆ ನರದಿಂದ ಮುಖ ಸೊಟ್ಟಗಾಗಲ್ಲ. ನನ್ನದೇ ತಪ್ಪು ಕಣೇ" ಎಂದರು. ಮದುವೆಯಾದಾಗಿನಿಂದ ಅವರ ಬಾಯಲ್ಲಿ ಆ ಮಾತು ಕೇಳಿದ್ದು ಅದೇ ಮೊದಲು. ಪಟ್ಟಿಯನ್ನು ಬಿಚ್ಚಿ ಹಿಂದಿನ ಸೀಟಿಗೆ ಎಸೆದೆ.

ನರರೋಗದ ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿ ವಿವರಿಸಿದರು. ರೋಗಗಳ ಜೊತೆ ಹೋರಾಡಲು ರಕ್ತದಲ್ಲಿ ಆಂಟಿಬಾಡಿ ಎಂಬ ಪ್ರೋಟೀನುಗಳಿರುತ್ತವೆ. ನನ್ನಲ್ಲಿ ಅವುಗಳ ಒಂದು ಜಾತಿ ದಾರಿ ತಪ್ಪಿ ನನ್ನ ಮಿದುಳಿನ ಮೇಲೇ ಬಿದ್ದಿತ್ತು, ಮನೆ ನಾಯಿ ಮನೆಯವರನ್ನೇ ಕಚ್ಚಿದ ಹಾಗೆ. ಸ್ಟೀರಾಯ್ಡ್ ಜೊತೆಗೆ ಒಂದು ಡ್ರಿಪ್ ಕೊಡಬೇಕು. ಅದರಲ್ಲಿರುವುದು ಸಾವಿರಾರು ದಾನಿಗಳ ರಕ್ತದಿಂದ ತೆಗೆದ ಒಳ್ಳೆಯ ಆಂಟಿಬಾಡಿ ಎಂದರು.

ಇನ್ನೊಬ್ಬರು ಕಚ್ಚಿ ಕುಡಿದ ಲೋಟವನ್ನೂ ಮುಟ್ಟದವಳು ನಾನು. "ಸಾವಿರ ಜನದ ಎಂಜಲು! ಈಗೆಲ್ಲಿ ಹೋಯ್ತು ನಿನ್ನ ಮಡಿ?" ಎಂದು ಇವರು ಪಕ್ಕದಲ್ಲಿ ಕುಳಿತು ಕಿಚಾಯಿಸಿದರು. "ಸುಮ್ನಿರ್ರೀ" ಎಂದೆ. ಹನಿಹನಿಯಾಗಿ ಇಳಿಯುತ್ತಿದ್ದ ಆ ಬಾಟಲಿಯನ್ನು ನೋಡಿ ಕಣ್ಣು ತುಂಬಿತ್ತು. ಯಾವ ಪುಣ್ಯಾತ್ಮರೋ, ಅವರ ಹೊಟ್ಟೆ ತಣ್ಣಗಿರಲಿ.

ಕೆಲವೇ ವಾರಗಳಲ್ಲಿ ಜಗ್ಗುವುದು ನಿಂತಿತು. ಬಾಣಂತನಕ್ಕೆಂದು ಫೋರ್ಟ್ ಮಿಲ್‌ಗೆ ಹೋದೆ, ಮೇಧಾಳಿಗೆ ಹೆಣ್ಣುಮಗುವಾಯಿತು. ಎತ್ತಿಕೊಳ್ಳಬಹುದಾ ಎಂದು ಕೇಳಿದರೆ ಡಾಕ್ಟರಮ್ಮ ಹೂಂ ಅಂದರು, ಮೇಧಾ ಅನ್ನಲಿಲ್ಲ. ನಾನು ಮೆಂತ್ಯದ ಲಾಡು ಕಟ್ಟಿದೆ, ಬಟ್ಟೆ ಮಡಿಚಿದೆ, ಮಗುವನ್ನು ದೂರದಿಂದ ನೋಡಿದೆ. ಹೊಕ್ಕುಳು ಬಿದ್ದು ಒಣಗಿದ ಮೇಲೆ ಒಂದು ಬೆಳಿಗ್ಗೆ ಅವಳೇ ಬಂದಳು. "ಅಮ್ಮಾ, ನೀನೇ ನೀರು ಹಾಕು. ಬಟ್ ನಾನು ಕೈ ಇಟ್ಕೊಂಡಿರ್ತೀನಿ."

ಬಾತ್‌ರೂಮಿನಲ್ಲಿ ಪುಟ್ಟ ಮಣೆಯ ಮೇಲೆ ಕಾಲು ನೀಡಿ ಕುಳಿತೆ. ಮಗು ನನ್ನ ಕಾಲ ಮೇಲೆ, ಮಗುವಿನ ಎರಡೂ ಪಕ್ಕ ಮೇಧಾಳ ಕೈ. ಎಣ್ಣೆ ತಿಕ್ಕಿ ಮೊದಲ ಚೊಂಬು ಸುರಿದೆನೋ ಇಲ್ಲವೋ, ಮಗು ಮೈಯೆಲ್ಲ ಅದುರಿ ಎರಡೂ ತೋಳು ಚಾಚಿತು.

"ಅಮ್ಮಾ!" ಎಂದು ಮೇಧಾ ಚೀರಿ ಮಗುವನ್ನು ಬಾಚಿಕೊಳ್ಳಲು ಬಂದಳು.

"ನಾನಲ್ಲ ಕಣೇ, ನಿನ್ನ ಮಗಳು. ಎಳೆಮಕ್ಕಳು ಹೀಗೇ ಬೆಚ್ಚಿಬೀಳೋದು, ನೀನೂ ಬೀಳ್ತಿದ್ದೆ. ನನ್ನ ಕೈ ನೋಡು."

ನೋಡಿದಳು. ಮಗುವಿನ ಕತ್ತಿನ ಕೆಳಗೆ ನನ್ನ ಎಡಗೈ ಇಟ್ಟಲ್ಲೇ ಇತ್ತು, ಒಂದಿಷ್ಟೂ ಅಲುಗಿರಲಿಲ್ಲ.

ಮೇಧಾ ತನ್ನ ಕೈಗಳನ್ನು ಹಿಂದಕ್ಕೆ ತೆಗೆದುಕೊಂಡು ಎದ್ದಳು. "ಟವೆಲ್ ತರ್ತೀನಿ ಅಮ್ಮಾ, ನೀನು ಮುಗಿಸು" ಎಂದು ಹೊರಗೆ ಹೋಗಿ, ಚಳಿ ಬರದಂತೆ ಬಾಗಿಲು ಎಳೆದುಕೊಂಡಳು.

ಟವೆಲ್ ಅವಳ ಹೆಗಲ ಮೇಲೇ ಇತ್ತು. ನಾನು ಕರೆಯಲಿಲ್ಲ. ಇನ್ನೊಂದು ಚೊಂಬು ನೀರು ತುಂಬಿಕೊಂಡೆ.