ಹಸಿರು ಕ್ಲಿಪ್ಪು

ಕೊನೆಯ ತಟ್ಟೆಯನ್ನು ತೊಳೆದು ಬೋರಲು ಹಾಕುವಷ್ಟರಲ್ಲಿ ಬೆನ್ನ ಹಿಂದೆ ಹೆಜ್ಜೆಯ ಸದ್ದಾಯಿತು. ಹುಡುಗಿ ಕಳ್ಳಿಯ ಹಾಗೆ ಕೈಯನ್ನು ಅಂಗಿಗೆ ಒರೆಸಿಕೊಂಡಳು.

"ಇವತ್ತು ತಟ್ಟೆ ಯಾರ ಸರದಿ?" ಎಂದರು ಆ ಮನೆಯ ಆಂಟಿ. ಬಸ್ ಓಡಿಸುವವರು, ಸಮವಸ್ತ್ರ ತೊಟ್ಟು ಹೊರಟು ನಿಂತಿದ್ದರು.

ಉತ್ತರ ಗೋಡೆಯ ಹಲಗೆಯ ಮೇಲೇ ಇತ್ತು. ಅದರಲ್ಲಿ ವಾರದ ಕೆಲಸಗಳ ಪಟ್ಟಿ. ಒಂದೊಂದು ಕೆಲಸದ ಮುಂದೆ ಬಟ್ಟೆ ಒಣಹಾಕುವ ಕ್ಲಿಪ್ಪು. ಕೆಂಪು ಆಂಟಿಯದು, ನೀಲಿ ಅಂಕಲ್‌ದು, ಹಳದಿ ಮಗಳದು. ತಟ್ಟೆಯ ಮುಂದೆ ಇದ್ದದ್ದು ಹಳದಿ.

ಶಾಲೆಯ ವಿನಿಮಯ ಕಾರ್ಯಕ್ರಮದಲ್ಲಿ ಆರು ವಾರಕ್ಕೆಂದು ಸಮುದ್ರ ದಾಟಿ ಬಂದ ಹುಡುಗಿ ಊರಿನಲ್ಲಿ ಕುಡಿದ ಲೋಟ ಎತ್ತಿಟ್ಟವಳಲ್ಲ. "ಮಹಾರಾಣಿಯವರು ಏಳ್ತಾರೋ, ಪಲ್ಲಕ್ಕಿ ಕಳಿಸ್ಲೋ?" ಎಂದು ಅಮ್ಮ ದಿನಾ ಬೆಳಿಗ್ಗೆ ಮಂಗಳಾರತಿ ಎತ್ತುತ್ತಿದ್ದಳು. ಇಲ್ಲಿ ಬೈಯುವವರೇ ಇಲ್ಲ. ಲೋಟಕ್ಕೆ ಕೈ ಹಾಕಿದರೆ "ಬಿಡಮ್ಮ, ನೀನು ಅತಿಥಿ" ಎನ್ನುತ್ತಾರೆ. ಮೊದಲ ವಾರ ಸ್ವರ್ಗಕ್ಕೆ ಮೂರೇ ಗೇಣು ಅನ್ನಿಸಿತ್ತು. ನಾಲ್ಕನೆಯ ವಾರದ ಹೊತ್ತಿಗೆ, ಊಟ ಮುಗಿದು ಮೂವರೂ ಕಿತ್ತಾಡುತ್ತಾ ಕೆಲಸಕ್ಕೇಳುವಾಗ ತಾನೊಬ್ಬಳೇ ಕುರ್ಚಿಯಲ್ಲಿ ಉಳಿಯುವುದಕ್ಕೆ ಅವಳಿಗೆ ಅಳು ಬರುತ್ತಿತ್ತು. ಅದಕ್ಕೇ ಮೂರು ದಿನದಿಂದ ಎಲ್ಲರಿಗಿಂತ ಮೊದಲೆದ್ದು, ಸಿಂಕಿನಲ್ಲಿ ಬೆಳಗಿನವರೆಗೆ ಉಳಿಯುತ್ತಿದ್ದ ರಾತ್ರಿಯ ತಟ್ಟೆ ತೊಳೆಯುತ್ತಿದ್ದಳು.

ಆಂಟಿ ಮಗಳನ್ನು ಕೂಗಿ ಎಬ್ಬಿಸಿದರು. "ಮನೆಗೆ ಬಂದವಳ ಕೈಲಿ ಮುಸುರೆ ತೊಳೆಸ್ತೀಯಾ? ನಾಚಿಕೆ ಆಗಲ್ವಾ? ಇನ್ನೆರಡು ವಾರ ತಟ್ಟೆ ಪೂರಾ ನಿಂದೇ."

"ನಾನೇನೂ ಹೇಳಿಲ್ಲಮ್ಮ!"

ಆಂಟಿ ಕಿವಿಗೆ ಹಾಕಿಕೊಳ್ಳದೆ ಹೊರಟುಹೋದರು. ನಿಜ ಹೇಳಬೇಕಾದ ಹುಡುಗಿ ಬೋರಲು ಹಾಕಿದ ತಟ್ಟೆಗಳನ್ನೇ ಮತ್ತೆ ಜೋಡಿಸುತ್ತಾ ನಿಂತಳು. ಶಾಲೆಗೆ ಹೋಗುವಾಗ ಮಗಳು ರಸ್ತೆಯ ಆ ಬದಿಯಲ್ಲಿ ನಡೆದಳು, ಇವಳು ಈ ಬದಿಯಲ್ಲಿ. ಇದ್ದೊಬ್ಬ ಗೆಳತಿಯನ್ನೂ ಕೈಯಾರೆ ಕಳೆದುಕೊಂಡೆನಲ್ಲ ಎಂದುಕೊಂಡಳು ಹುಡುಗಿ.

ಶಾಲೆ ಬಿಟ್ಟ ಮೇಲೆ ಅವಳು ಮನೆಗೆ ಹೋಗದೆ ಬಸ್ ಡಿಪೋದ ಗೇಟಿನಲ್ಲಿ ನಿಂತಳು. ಆಂಟಿ ಬಸ್ಸನ್ನು ಒಳಗೆ ತಂದು ನಿಲ್ಲಿಸಿ ಬಾಗಿಲು ತೆರೆದರು.

"ಅವಳದೇನೂ ತಪ್ಪಿಲ್ಲ ಆಂಟಿ. ನಾನೇ ಕದ್ದು ತೊಳೀತಿದ್ದೆ."

"ಯಾಕೆ?"

"ಎಲ್ಲರ ಕ್ಲಿಪ್ಪೂ ಇದೆ. ನಂದು ಮಾತ್ರ ಇಲ್ಲ."

ಆಂಟಿ ಎಂಜಿನ್ ಆರಿಸಿ ಕೆಳಗಿಳಿದರು. ಆಮೇಲೆ, "ಅವಳ ಹತ್ರ ನಾನೂ ಕ್ಷಮೆ ಕೇಳ್ಬೇಕು, ನೀನೂ ಕೇಳ್ಬೇಕು. ಯಾರು ಮೊದಲು?" ಎಂದರು.

ಮರುದಿನ ಬೆಳಿಗ್ಗೆ ಹಲಗೆಯ ಮೇಲೆ ಹಸಿರು ಕ್ಲಿಪ್ಪೊಂದು ಬಂದಿತ್ತು. ಅದು ಕೂತಿದ್ದದ್ದು ಬಚ್ಚಲು ಉಜ್ಜುವ ಕೆಲಸದ ಮುಂದೆ.

"ಅಲ್ಲಿ ಸಿಗಿಸಿದ್ದು ನಾನೇ," ಎಂದಳು ಮಗಳು, ಬಾಯಲ್ಲಿ ಬ್ರಷ್ ಇಟ್ಟುಕೊಂಡೇ. "ನನ್ನ ಬೈಸಿದ್ಯಲ್ಲ, ಅನುಭವಿಸು. ಮೂಲೆ ಬಿಟ್ರೆ ಮತ್ತೆ ಉಜ್ಜಿಸ್ತೀನಿ."

ಆ ಮನೆಯಲ್ಲಿ ಅವಳು ತಿಂದ ಮೊದಲ ಬೈಗುಳ ಅದು. ಹುಡುಗಿಗೆ ಖುಷಿಯೋ ಖುಷಿ. ಮೊಣಕಾಲೂರಿ ಮೂಲೆಮೂಲೆಯನ್ನೂ ಉಜ್ಜಿ, ಅಮ್ಮನಿಗೆ ಫೋನ್ ಮಾಡಿ ಹೇಳಿದಳು.

"ಯಾರು, ನೀನಾ ಉಜ್ಜಿದ್ದು? ತಡಿ, ನಿಮ್ಮಪ್ಪಂಗೆ ಕೊಡ್ತೀನಿ, ಅವರಿಗೂ ಹೇಳು."

ಹೊರಡುವ ದಿನ ಶುಕ್ರವಾರ. ಅಂಕಲ್ ಪೆಟ್ಟಿಗೆಯನ್ನು ಕಾರಿಗೆ ಹಾಕುತ್ತಿದ್ದರು. ಹುಡುಗಿ ಅಡುಗೆಮನೆಗೆ ಬಂದು ಹಲಗೆ ನೋಡಿದಳು. ಮುಂದಿನ ವಾರದ ಪಟ್ಟಿ ಆಗಲೇ ಬಂದಿತ್ತು. ತಟ್ಟೆಯ ಮುಂದೆ ಹಸಿರು ಕ್ಲಿಪ್ಪು.

"ಮುಂದಿನ ವಾರ ನಾನಿರಲ್ಲ ಕಣೇ."

"ಗೊತ್ತು," ಎಂದಳು ಮಗಳು. ಅವಳು ಸಿಂಕಿನ ಮುಂದೆ ನಿಂತಿದ್ದಳು, ತಿರುಗಿ ನೋಡಲಿಲ್ಲ. ನಲ್ಲಿ ಸುರಿಯುತ್ತಲೇ ಇತ್ತು. ಒರೆಸಿ ಒಣಗಿಸಿದ್ದ ತಟ್ಟೆಯನ್ನೇ ಅವಳು ಮತ್ತೆ ತೊಳೆಯುತ್ತಿದ್ದಳು.