ಶೇಖ್ ಕೆಳಗಿಟ್ಟ ಬಟ್ಟಲು

ರವೂಫ್ ಪಾಷಾ ಹನ್ನೊಂದು ಸಲ ಮಂತ್ರಿಯಾದವರು. ಹನ್ನೊಂದು ಸಲವೂ ಅವರ ರಾಜೀನಾಮೆ ಬರೆದವನು ನಾನೇ, ಅವರ ಕಾರ್ಯದರ್ಶಿ. ಕೊನೆಕೊನೆಗೆ ತಾರೀಖಿನ ಜಾಗ ಖಾಲಿ ಬಿಟ್ಟು ಮುಂಚೆಯೇ ಬರೆದಿಡುತ್ತಿದ್ದೆ.

ಸೋಮವಾರ ಬಗ್ದಾದಿನ ಅರಮನೆಯಲ್ಲಿ ದೊರೆಯ ಮುಂದೆ ಹನ್ನೆರಡನೆಯ ಪ್ರಮಾಣವಚನ. ಆರು ತಿಂಗಳಿಂದ ಪಾಷಾರ ಮನೆಯ ದಾರಿ ಮರೆತಿದ್ದವರೆಲ್ಲ ಶನಿವಾರ ಬೆಳಿಗ್ಗೆಯೇ ದಿವಾನಖಾನೆಯಲ್ಲಿ ಸೇರಿದ್ದರು.

ನಮ್ಮಲ್ಲಿ ಏನಾದರೂ ಕೇಳಲು ಬಂದವನು ಕಾಫಿ ಬಟ್ಟಲನ್ನು ಕುಡಿಯದೆ ಕೆಳಗಿಡುತ್ತಾನೆ. ಯಜಮಾನ 'ಕುಡಿ' ಎಂದರೆ ಮಾತು ಕೊಟ್ಟಂತೆ. ಪಾಷಾ ಯಾರನ್ನೂ 'ಕುಡಿ' ಅನ್ನದೆ ಕಳಿಸಿದವರಲ್ಲ.

ಎರಡು ವರ್ಷದ ಹಿಂದೆ ತೆಂಕಣ ಜೌಗುನಾಡಿನಿಂದ ಶೇಖ್ ಮಿಜ್ಹಿರ್ ಬಂದು ಹೀಗೇ ಬಟ್ಟಲು ಇಟ್ಟಿದ್ದ. ಹಿರಿಯ ಮಗ ಗಾಲಿಬ್ ಮರುಭೂಮಿಯ ಜೈಲಿನಲ್ಲಿದ್ದ. "ಕುಡಿ, ಹುಡುಗ ಹಬ್ಬಕ್ಕೆ ಮನೇಲಿರ್ತಾನೆ" ಎಂದರು ಪಾಷಾ. ಬಿಡುಗಡೆಯ ಪತ್ರ ಸಹಿಯಾಗದೆ ನನ್ನ ಮೇಜಿನಲ್ಲೇ ಉಳಿಯಿತು. ಹುಡುಗ ಹಬ್ಬಕ್ಕೆ ಮನೆಗೆ ಬಂದದ್ದೇನೋ ನಿಜ, ಕಂಬಳಿಯಲ್ಲಿ ಸುತ್ತಿಸಿಕೊಂಡು.

ಈಗ ಮತ್ತೆ ಅದೇ ಶೇಖ್. ಮನೆಯ ಮುದುಕ ಆಳು ದಾಖಿಲ್ ಕಾಫಿ ಬಗ್ಗಿಸಿ ಕೊಟ್ಟ. ಶೇಖ್ ಬಟ್ಟಲನ್ನು ಕೆಳಗಿಟ್ಟ. ಪಾಷಾರ ಮುಖ ಅರಳಿತು.

"ಕೇಳು, ಗಾಲಿಬನ ಅಪ್ಪ. ಈ ಸಲ ಏನು, ನಾಲೆ ನೀರಾ, ಜಮೀನಾ?"

ಸತ್ತವನ ಹೆಸರು ಹಿಡಿದು ಕರೆದದ್ದು ಅವರಿಗೆ ಹೊಳೆಯಲಿಲ್ಲ.

"ಏನೂ ಬೇಡ."

"ಮತ್ತೆ ಬಟ್ಟಲು ಇಟ್ಟಿದ್ದೀಯ?"

"ಇಟ್ಟಿದ್ದೀನಿ. ನಾಲ್ಕು ಜನ ನೋಡ್ಲಿ ಅಂತ."

"ವಯಸ್ಸಾಯ್ತು ನಿಂಗೆ. ಕೇಳೋಕೆ ಬಂದಿದ್ದೇ ಮರ್ತುಬಿಟ್ಟೆ," ಪಾಷಾ ನಕ್ಕರು. ಎಲ್ಲರೂ ನಕ್ಕರು. "ಚಿಕ್ಕ ಮಗ ಎಲ್ಲಿದ್ದಾನೆ?"

"ಸೈನ್ಯದಲ್ಲಿ. ಅವನ ದಳ ಗಡಿಗೆ ಹೊರಟಿದೆ. ಸೋಮವಾರ ಬೆಳಿಗ್ಗೆ ಬಗ್ದಾದ್ ಮೇಲೇ ಹೋಗ್ತಾನೆ."

"ಹಾಗಾದ್ರೆ ಬಂದು ಹೋಗು ಅನ್ನು."

"ಮನೆ ಗೊತ್ತು ಅವನಿಗೆ," ಎಂದು ಶೇಖ್ ಎದ್ದು ಹೋದ.

ದಾಖಿಲ್ ಆ ಬಟ್ಟಲನ್ನು ಮುಟ್ಟಲಿಲ್ಲ. ಅಡಿಗೆಮನೆಯಲ್ಲಿ ನನ್ನ ತೋಳು ಹಿಡಿದ.

"ಸಾಹೇಬ್ರೇ, ಈ ಮನೆ ಉಪ್ಪಿನ ಋಣ ಇರೋ ತನಕ ಶೇಖ್ ಕಡೆಯವ್ರು ಪಾಷಾ ಮೇಲೆ ಕೈ ಎತ್ತೋ ಹಾಗಿರ್ಲಿಲ್ಲ. ಇವತ್ತು ಅದನ್ನ ಕಳಚಿಟ್ಟು ಹೋದ. ಹಾಡುಹಗಲೇ, ಎಲ್ಲರ ಮುಂದೆ. ಮರ್ಯಾದಸ್ಥ, ಮುಂಚೆ ಹೇಳಿ ಹೋಗಿದ್ದಾನೆ."

ನಾನು ಪಾಷಾಗೆ ಹೇಳಿದೆ: ನಾಳೆ ಬೈರೂತಿಗೆ ವಿಮಾನವಿದೆ, ಮೈಗೆ ಹುಷಾರಿಲ್ಲ ಎಂದು ಅರಮನೆಗೆ ತಿಳಿಸೋಣ.

"ಒಂದು ಬಟ್ಟಲು ಕಾಫಿಗೆ ಹೆದರಿ ಊರು ಬಿಡೋದಾ? ಕಾಫಿ ಅಂಗಡಿಯವ್ರೆಲ್ಲ ಆಡಿಕೊಳ್ತಾರಯ್ಯ." ಕನ್ನಡಿಯ ಮುಂದೆ ಹೊಸ ಕೋಟಿನ ತೋಳು ಎಳೆದು ನೋಡಿಕೊಂಡರು. "ಹೋಗು, ರಾಜೀನಾಮೆ ಬರೆದಿಡು. ತಾರೀಖು ಆಮೇಲೆ."

ಬರೆದೆ. ಆ ಸಲ ತಾರೀಖನ್ನೂ ಹಾಕಿದೆ, ಸೋಮವಾರದ್ದು.