ಮೋನಮ್ಮ ಕುಡಿಯದ ನೀರು

ರಂಗಂಪೇಟೆಯ ಮೋನಮ್ಮ ಇಪ್ಪತ್ತೈದು ವರ್ಷ ಮೊಳಕಾಲುದ್ದದ ಕಾಲುವೆ ನೀರಿನಲ್ಲಿ ನಿಂತು ಬದುಕಿದವಳು, ಆದರೆ ಹಗಲು ಹೊತ್ತಿನಲ್ಲಿ ಒಂದು ಲೋಟ ನೀರು ಕುಡಿದವಳಲ್ಲ. ಅವಳೊಬ್ಬಳೇ ಅಲ್ಲ, ಅವಳ ಗ್ಯಾಂಗಿನಲ್ಲಿ ಭತ್ತದ ಸಸಿ ಹಚ್ಚುವ ಹದಿನಾಲ್ಕು ಹೆಂಗಸರೂ ಹಾಗೆಯೇ. ಕಾಲುವೆ ಬಂದ ಮೇಲೆ ಜಾಲಿಗಿಡಗಳೆಲ್ಲ ಹೋಗಿ ಕಣ್ಣು ಹಾಯುವ ತನಕ ಬರೀ ಗದ್ದೆ. ನೀರು ಕುಡಿದರೆ ಎದ್ದು ಹೋಗಬೇಕು. ಎದ್ದು ಹೋಗಲು ಮರೆಯೆಲ್ಲಿದೆ? ಗದ್ದೆಯ ಸಾಹುಕಾರರಿಗೆ ಇದು ಎಂದೂ ಹೊಳೆದಿರಲಿಲ್ಲ, ಹೊಳೆಯುವುದು ಅವರಿಗೆ ಬೇಕಾಗಿಯೂ ಇರಲಿಲ್ಲ. ಹೆಂಗಸರು ಬೆಳಗಿನ ಚಹಾ ಮುಗಿಸಿ ಬಾಯಿ ಕಟ್ಟಿಬಿಡುತ್ತಿದ್ದರು.

ಮೂರು ತಿಂಗಳ ಹಿಂದೆ ಮೋನಮ್ಮ ಬದುವಿನ ಮೇಲೆ ಜಾರಿ ಕೈಯೂರಿದಳು. ಅಷ್ಟಕ್ಕೇ ಮಣಿಕಟ್ಟು ಮುರಿಯಿತು. ಯಾದಗಿರಿಯ ಎಲುಬಿನ ಡಾಕ್ಟರು ಪರೀಕ್ಷೆ ಮಾಡಿ, ಎಲುಬೆಲ್ಲ ಸವೆದು ಟೊಳ್ಳಾಗಿವೆ, ವರ್ಷಕ್ಕೊಮ್ಮೆ ಸಲೈನಿನ ಹಾಗೆ ನರಕ್ಕೆ ಬಿಡುವ ಮದ್ದೊಂದಿದೆ ಎಂದರು. ಆದರೆ ಆ ಮದ್ದಿನ ನಖರಾ ಒಂದೆರಡಲ್ಲ. ಮೊದಲು ರಕ್ತ ಕೊಡಬೇಕು: ಕಿಡ್ನಿ ಸರಿಯಿದೆಯೇ, ಕ್ಯಾಲ್ಸಿಯಂ ಸಾಕಷ್ಟಿದೆಯೇ ಎಂದು ನೋಡಲು. ಆಮೇಲೆ ಹಲ್ಲು. ಎಲುಬಿಗೆ ಮದ್ದು ಕೇಳಿದವಳ ಬಾಯಿ ತೆರೆಸಿ, ಹುಳುಕು ದವಡೆಹಲ್ಲೊಂದನ್ನು ಕೀಳಿಸಿ, ಗಾಯ ಪೂರ್ತಿ ಮಾಯುವವರೆಗೆ ಕಾಯಿಸಿದರು. ಮದ್ದು ಒಳಗೆ ಹೋದ ಮೇಲೆ ಹಲ್ಲು ಕಿತ್ತರೆ ಒಮ್ಮೊಮ್ಮೆ ದವಡೆಯ ಎಲುಬೇ ಮಾಯುವುದಿಲ್ಲವಂತೆ. ಕೊನೆಗೊಂದು ಮಂಗಳವಾರ ಗೊತ್ತಾಯಿತು. "ಬರೋ ದಿನ ಚಲೋತ್ನಾಗಿ ನೀರು ಕುಡದು ಬರ್ರಿ" ಎಂದು ಡಾಕ್ಟರು ಹೇಳಿ ಕಳಿಸಿದರು.

ಮೋನಮ್ಮನಿಗೆ ಅವಸರವಿತ್ತು. ಗುರುವಾರವೇ ಮಹಾದೇವಪ್ಪ ಸಾಹುಕಾರನ ಗದ್ದೆಯಲ್ಲಿ ನಾಟಿ. ಸಾಲಿನ ಮೊದಲ ತುದಿಯಲ್ಲಿ ನಿಂತು ಕೈವೇಗ ಗೊತ್ತುಮಾಡುವವಳೇ ಗ್ಯಾಂಗಿಗೆ ಯಜಮಾನಿ. ಆ ಜಾಗ ಒಮ್ಮೆ ಬಿಟ್ಟರೆ ಮತ್ತೆ ಸಿಗುವುದಿಲ್ಲ. ಗ್ಯಾಂಗಿನ ಹಣಮಂತಮ್ಮ ಆಗಲೇ "ಅಕ್ಕಾ, ನೀ ಮನ್ಯಾಗ ಆರಾಮ ಕುಂಡ್ರು" ಎಂದು ಯಾರೂ ಕೇಳದಿದ್ದರೂ ಎರಡು ಸಲ ಹೇಳಿದ್ದಳು. ಮಂಗಳವಾರ ಮದ್ದು ಹೋದರೆ ಗುರುವಾರಕ್ಕೆ ಎಲುಬು ಗಟ್ಟಿ ಎಂದು ಮೋನಮ್ಮ ತಾನೇ ತೀರ್ಮಾನಿಸಿಬಿಟ್ಟಿದ್ದಳು.

ಸೊಸೆ ದೇವಕಮ್ಮ ಬಸ್ಸಿನಲ್ಲಿ ಎರಡು ಲೀಟರಿನ ಬಾಟಲಿ ಕೈಗಿತ್ತು, "ಅತ್ತಿ, ಯಾದಗಿರಿ ಬರೂದ್ರಾಗ ಇದು ಖಾಲಿ ಆಗಬೇಕು ನೋಡು" ಎಂದವಳೇ ಕಿಟಕಿಗೆ ತಲೆಯಾನಿಸಿ ನಿದ್ದೆಹೋದಳು. ಎರಡು ತಾಸಿನ ದಾರಿಯಲ್ಲಿ ನೀರು ಕುಡಿಯಲು ಮೋನಮ್ಮನಿಗೇನು ಹುಚ್ಚೇ? ಹಿಂದಿನ ಸೀಟಿನ ಮುದುಕ ನೀರು ಕೇಳಿದ, ಕೊಟ್ಟಳು. ಶಹಾಪುರದಲ್ಲಿ ಕೂಸು ಎತ್ತಿಕೊಂಡು ಹತ್ತಿದವಳೊಬ್ಬಳು ಕೇಳಿದಳು, ಕೊಟ್ಟಳು. ಕಂಡಕ್ಟರನಿಗೆ ಅವನು ಕೇಳದಿದ್ದರೂ ಕೊಟ್ಟಳು. ಭೀಮಾ ನದಿಯ ಸೇತುವೆ ದಾಟುವಾಗ ಬಾಟಲಿಯಲ್ಲಿ ಹನಿ ಉಳಿದಿರಲಿಲ್ಲ.

ಆಸ್ಪತ್ರೆಯಲ್ಲಿ ತಾಸೊಂದು ಕಾದ ಮೇಲೆ ನರ್ಸ್ ಚಮನಬೀ ಸೂಜಿ ಹಿಡಿದು ಬಂದಳು. "ನೀರು ಕುಡದೀರೇನ್ರಿ ಅಮ್ಮಾ?"

"ಎರಡು ಲೀಟರ್ ಖಾಲಿ ಆಗ್ಯಾದ್ರಿ" ಎಂದಳು ಮೋನಮ್ಮ. ಸುಳ್ಳು ಹೇಳುವುದು ಅವಳಿಗೆ ಸೇರುತ್ತಿರಲಿಲ್ಲ.

"ಹೌದ್ರಿ, ಬಾಟ್ಲಿ ನಾನೇ ನೋಡೀನಿ" ಎಂದು ದೇವಕಮ್ಮ ಸಾಕ್ಷಿ ನುಡಿದಳು.

ಚಮನಬೀ ಸೂಜಿ ಚುಚ್ಚಲಿಲ್ಲ. "ಎರಡು ಲೀಟರ್ ಕುಡದು ಬಸ್ಸಿನ್ಯಾಗ ಎರಡು ತಾಸು ಕುಂತೀರಿ, ಇಲ್ಲಿ ಒಂದು ತಾಸು ಕುಂತೀರಿ. ಒಮ್ಮಿನೂ ಎದ್ದು ಹೋಗಿಲ್ಲ. ಆ ನೀರು ಎಲ್ಲಿ ಹೋತು?"

ಮೋನಮ್ಮ ಫ್ಯಾನು ನೋಡಿದಳು. "ಮಂದಿ ಕುಡದ್ರು."

"ಯಾವ ಮಂದಿ?"

"ಬಸ್ಸಿನ ಮಂದಿ."

ದೇವಕಮ್ಮ ಹಣೆ ಚಚ್ಚಿಕೊಂಡಳು. ಚಮನಬೀ ಸೂಜಿ ಪಕ್ಕಕ್ಕಿಟ್ಟಳು. "ಈ ಮದ್ದು ಕಿಡ್ನಿ ಹಾದು ಹೊರಗ ಹೋಗಬೇಕ್ರಿ. ಒಳಗ ನೀರಿಲ್ಲಂದ್ರ ಕಿಡ್ನಿಗೇ ಪೆಟ್ಟು ಬೀಳ್ತದ. ನೀರು ಬಸ್ಸಿನವ್ರಿಗೆ, ಮದ್ದು ನಿಮಗಾ? ನಾನೂ ದಿನಾ ಬಸ್ಸಿಗೇ ಬರಾಕಿ, ನೀವು ಯಾಕ ನೀರು ಕುಡಿಲಿಲ್ಲಂತ ನನಗ ಗೊತ್ತಾಗಂಗಿಲ್ಲೇನು?" ಎಂದು ತುಂಬಿದ ತಂಬಿಗೆ ಮುಂದಿಟ್ಟಳು. ಮೋನಮ್ಮ ಕಷಾಯ ಕುಡಿಯುವವಳ ಮುಖ ಮಾಡಿಕೊಂಡು ಕುಡಿದಳು. ಇನ್ನೊಂದು ತಂಬಿಗೆ ಬಂತು. ಆಮೇಲೆ ಅವಳು ಮೂರು ಸಲ ಎದ್ದು ಹೋದಳು. ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿಕೊಂಡು, ಯಾವ ಹೆದರಿಕೆಯೂ ಇಲ್ಲದೆ ಹಾಡುಹಗಲಿನಲ್ಲಿ ಕೂತದ್ದು ಎಷ್ಟು ವರ್ಷದ ಮೇಲೋ ಎಂದು ಅವಳಿಗೇ ಅಚ್ಚರಿಯಾಯಿತು.

ಮದ್ದು ಹನಿಹನಿಯಾಗಿ ಇಳಿಯುತ್ತಿರುವಾಗ ಡಾಕ್ಟರು ಬಂದರು. ಮೋನಮ್ಮ ಕೇಳಿಯೇಬಿಟ್ಟಳು: "ಗುರುವಾರ ಗದ್ದಿಗಿ ಇಳಿಬಹುದಲ್ರಿ?"

"ಎರಡು ಮೂರು ದಿನ ಜ್ವರ, ಮೈಕೈ ನೋವು ಬರಬಹುದು, ಹೆದರಬ್ಯಾಡ್ರಿ. ಕ್ಯಾಲ್ಸಿಯಂ ಗುಳಿಗಿ ತಪ್ಪಿಸಬ್ಯಾಡ್ರಿ. ಮದ್ದು ಎಲುಬು ಸವಿಯೋದನ್ನ ತಡೀತದ. ಎರಡು ದಿನಕ್ಕ ಗಟ್ಟಿ ಮಾಡಂಗಿಲ್ಲ. ಕೆಸರಿನ್ಯಾಗ ಮತ್ತ ಜಾರಿದ್ರ ತೊಡಿ ಎಲುಬೇ ಮುರೀತದ. ಈ ಹಂಗಾಮಿಗಿ ಗದ್ದಿ ಬ್ಯಾಡ್ರಿ."

ಮೋನಮ್ಮನಿಗೆ ಅಳು ಬಂತು. ಮುರಿದ ಕೈಗೆ ಅತ್ತಿರಲಿಲ್ಲ, ಕಿತ್ತ ಹಲ್ಲಿಗೆ ಅತ್ತಿರಲಿಲ್ಲ. ಈಗ ಸೊಸೆಯ ಎದುರಿಗೇ ಅತ್ತಳು.

ಗುರುವಾರ ಜ್ವರ ಅರ್ಧ ಇಳಿದಿತ್ತು. ಕಂಬಳಿ ಹೊದ್ದು, ಸೊಸೆಯ ತೋಳು ಹಿಡಿದು ಸಾಹುಕಾರನ ಗದ್ದೆಯ ಪಕ್ಕದ ರಸ್ತೆಯಂಚಿಗೆ ಬಂದು ಕಲ್ಲಿನ ಮೇಲೆ ಕೂತಳು. ಸಾಲಿನ ಮೊದಲ ತುದಿಯಲ್ಲಿ ಹಣಮಂತಮ್ಮ ಸೀರೆ ಎತ್ತಿ ಕಟ್ಟಿ, ಆಗಲೇ ಒಂದು ಕಾಲು ಕೆಸರಿಗಿಟ್ಟಿದ್ದಳು.

"ಯಾರೂ ಇಳೀಬ್ಯಾಡ್ರಿ" ಎಂದಳು ಮೋನಮ್ಮ.

ಬದುವಿನ ಮೇಲೆ ನಿಂತಿದ್ದ ಸಾಹುಕಾರ ತಿರುಗಿದ. "ಯಾಕವಾ? ನೀರು ಬಿಟ್ಟಾಗ್ಯಾದ, ಸಸಿ ಒಣಗಾಕತ್ಯಾವ."

"ನಾಕು ಗೂಟ ಹುಗದು ಒಂದು ತಾಡಪತ್ರಿ ಕಟ್ಟಸ್ರಿ. ಹೆಣ್ಮಕ್ಕಳು ಹೋಗಿ ಬರಾಕ ಮರಿ ಬೇಕು."

"ಇಷ್ಟು ವರ್ಷ ಬೇಕಾಗಿದ್ದಿಲ್ಲಲ್ಲ?"

"ಇಷ್ಟು ವರ್ಷ ನಾವು ನೀರು ಕುಡದಿದ್ದಿಲ್ರಿ."

ಸಾಹುಕಾರ ಹಣಮಂತಮ್ಮನ ಮುಖ ನೋಡಿದ. ಹಣಮಂತಮ್ಮ ಮೋನಮ್ಮನ ಮುಖ ನೋಡಿದಳು. ಆಮೇಲೆ ಹಣಮಂತಮ್ಮ ಕೆಸರಿನಿಂದ ಕಾಲು ಕಿತ್ತುಕೊಂಡು ಬದುವಿನ ಮೇಲೆ ಬಂದು ಕೂತಳು. ಉಳಿದವರೂ ಬಂದು ಕೂತರು.

ಅರ್ಧ ತಾಸಿನಲ್ಲಿ ಟ್ರ್ಯಾಕ್ಟರಿಗೆ ಹೊದಿಸಿದ್ದ ತಾಡಪತ್ರಿ ಬಿಚ್ಚಿ ಮರೆ ಕಟ್ಟಿದ್ದಾಯಿತು. ಮೋನಮ್ಮ ಕುಡಿಯುವ ನೀರಿನ ಕೊಡ ತರಿಸಿ ಮೊದಲ ಲೋಟ ಹಣಮಂತಮ್ಮನ ಕೈಗೇ ಕೊಟ್ಟಳು. ಹಣಮಂತಮ್ಮ ಗಟಗಟ ಕುಡಿದು, ಸೀರೆಯಂಚಿನಿಂದ ಬಾಯಿ ಒರೆಸಿಕೊಂಡು ಕೇಳಿದಳು:

"ಸಾಕೇನಕ್ಕಾ? ಇಳೀಲ್ಯಾ ಇನ್ನ?"

"ಇನ್ನೊಂದು ಲೋಟ ಕುಡದು ಇಳಿ" ಎಂದಳು ಮೋನಮ್ಮ.